ಸಾಹೇಬರು ಒಪ್ಪಿದ್ದಾರೆ

ಮಾರ್ಚ್ 3, ಸೋಮವಾರ

ಮೇಲಿನ ದವಡೆ ಎರಡು, ಕೆಳಗಿನದು ಒಂದು. ಒಂದರ ಮೇಣದಲ್ಲಿ ಗುಳ್ಳೆ ಬಂತು. ಕರಗಿಸಿ ಮತ್ತೆ ಸುರಿದೆ. ಉಜ್ಜುವ ಯಂತ್ರ ಇವತ್ತೂ ಕಿರುಚಿತು. ಲ್ಯಾಬಿನ ಮಾಲೀಕರಿಗೆ ಹೇಳಿದರೆ, "ಅದಕ್ಕೂ ವಯಸ್ಸಾಯ್ತು, ನಮಗೂ ಆಯ್ತು. ಯಾರನ್ನ ಮೊದಲು ಬದಲಾಯಿಸ್ಲಿ?" ಅಂದರು.

ಹಲ್ಲಿನ ಸೆಟ್ಟಿಗೆ ಕಾಯುತ್ತಿರುವ ಅಜ್ಜನೊಬ್ಬ ಡಾಕ್ಟರ ಹತ್ತಿರ ಹೋಗದೆ ನೇರ ಲ್ಯಾಬಿಗೇ ಬಂದಿದ್ದ. ಹಾಕಿಕೊಂಡ ಮೇಲೆ ಜೋರಾಗಿ ನಗಬಹುದಾ ಎಂದು ಕೇಳಿದ. ನಗಬಹುದು, ಸೀನುವಾಗ ಮಾತ್ರ ಕೈ ಅಡ್ಡ ಇಟ್ಟುಕೊಳ್ಳಿ ಅಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಇದನ್ನು ನನ್ನವಳಿಗೆ ಹೇಗೆ ಹೇಳುವುದು ಎಂದು ಜೋಡಿಸಿಕೊಂಡು ಬಂದೆ. ಬೀಗ ತೆಗೆಯುವಾಗ ನೆನಪಾಯಿತು.

ಇನ್ನೂ ಹೀಗೇ ಆಗುತ್ತದೆ.

ಅವಳ ಫೋನನ್ನು ಚಾರ್ಜ್‌ಗೆ ಹಾಕಿದೆ. ಯಾಕೆ ಹಾಕುತ್ತೇನೋ... ಬರುವುದೆಲ್ಲ ಸೀರೆಯ ರಿಯಾಯಿತಿ, ಸಾಲ ಬೇಕೇ ಎಂಬ ಮೆಸೇಜು. ಇವತ್ತು ಒಂದು ಮೇಲ್ ಬಂದಿತ್ತು. 'ಎಲ್ಲರ ನಕ್ಷೆ'ಯವರದು. ಅವಳು ಆಫೀಸು ಮುಗಿಸಿ ಬಂದು ಕೂತು ಗೆರೆ ಎಳೆಯುತ್ತಿದ್ದಳಲ್ಲ, ಆ ನಕ್ಷೆ. ಸಂಬಳವಿಲ್ಲ, ಯಜಮಾನನಿಲ್ಲ. ಇವಳಂಥವರು ಊರೂರಲ್ಲಿ ಕೂತು ಬರೆಯುತ್ತಾರೆ, ಯಾರು ಬೇಕಾದರೂ ಬಳಸಿಕೊಳ್ಳುತ್ತಾರೆ.

ಮೇಲ್‌ನಲ್ಲಿ ಇದ್ದದ್ದು ಇಷ್ಟು. ನಕ್ಷೆಯ ಲೈಸೆನ್ಸ್, ಅಂದರೆ ಅದನ್ನು ಯಾರು ಹೇಗೆ ಬಳಸಬಹುದೆಂಬ ಷರತ್ತು, ಬದಲಾಗುತ್ತಿದೆ. ಬರೆದ ಪ್ರತಿಯೊಬ್ಬರೂ ಹೊಸದಕ್ಕೆ ಒಪ್ಪಿಗೆ ಕೊಡಬೇಕು. ತಿಂಗಳ ಕೊನೆಯೊಳಗೆ ಒಪ್ಪದವರ ಗೆರೆಗಳನ್ನೆಲ್ಲ ನಕ್ಷೆಯಿಂದ ತೆಗೆಯಲಾಗುವುದು. ಹಿಂದೆಯೂ ಕೇಳಿದ್ದೆವು, ನಿಮ್ಮಿಂದ ಉತ್ತರವಿಲ್ಲ.

ಕೆಳಗೆ ಎರಡು ಗುಂಡಿ. ಒಪ್ಪುತ್ತೇನೆ. ಒಪ್ಪುವುದಿಲ್ಲ.

ತೀರಿಕೊಂಡಿದ್ದಾಳೆ ಎನ್ನುವ ಗುಂಡಿ ಇಲ್ಲ.

ಮಾರ್ಚ್ 4

ಉತ್ತರಣ್ಣನಿಗೆ ಫೋನ್ ಮಾಡಿದೆ. ನಕ್ಷೆ ಗುಂಪಿನ ಹಿರಿಯರು, ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಅವರ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾವತ್ತೂ ಬಳಕೆಗೆ ಬರಲಿಲ್ಲ. "ನಕ್ಷೆ ತಲೆ ಮೇಲೂ ಉತ್ತರ, ಏನು ಕೇಳಿದ್ರೂ ಅವರ ಹತ್ರ ಉತ್ತರ" ಎಂದು ಇವಳು ಇಟ್ಟ ಹೆಸರೇ ನಿಂತಿತು.

"ಈ ಒಪ್ಪಿಗೆ ವಿಷಯಕ್ಕೆ ನಾನೇ ಬರ್ಬೇಕಿತ್ತು. ಯಾವ ಮುಖ ಇಟ್ಕೊಂಡು ಬರ್ಲಿ ಅಂತ ದಿನ ತಳ್ಳಿದೆ" ಅಂದರು.

ಬರೆದವರು ಇಲ್ಲದಿದ್ದರೆ ವಾರಸುದಾರರು ಒಪ್ಪಬಹುದಂತೆ. ವಾರಸುದಾರ ನಾನೇ. ಒಂದೇ ಷರತ್ತು. ಬರೆದದ್ದೆಲ್ಲ ಕಾಲಲ್ಲಿ ನಡೆದು ನೋಡಿದ್ದಾಗಿರಬೇಕು, ಇಲ್ಲವೇ ನಕಲು ಮಾಡಲು ಅನುಮತಿಯಿರುವ ಆಕಾಶಚಿತ್ರದಿಂದ ಎಳೆದದ್ದಾಗಿರಬೇಕು. ಹಾಗೆಂದು ನಾನು ಹೇಳಬೇಕು.

ಇಷ್ಟೇನಾ ಎಂದು ಕೇಳಿದೆ.

"ಇಷ್ಟೇ. ಆಕೆ ವಿಷಯದಲ್ಲಿ ಯೋಚನೆ ಮಾಡೋ ಹಾಗೇ ಇಲ್ಲ. ಲೈಸೆನ್ಸ್ ವಿಷಯಕ್ಕೆ ನಮಗೆಲ್ಲ ಪಾಠ ಹೇಳಿದವರು ಅವರು."

ಅದು ನಿಜ. ಹಿಂದೊಮ್ಮೆ ಯಾರೋ ಬೇರೆ ಕಂಪನಿಯ ಮ್ಯಾಪ್ ನೋಡಿ ಒಂದು ಇಡೀ ಬಡಾವಣೆ ಇಳಿಸಿದ್ದ. ಇವಳು ಪತ್ತೆ ಹಚ್ಚಿ ಅಷ್ಟನ್ನೂ ಅಳಿಸಿದಳು. ಅವನು ಫೋನ್ ಮಾಡಿ ಬೈದ, ಆಮೇಲೆ ಅತ್ತ. ಇವಳೂ ಫೋನಿಟ್ಟು ಅತ್ತಳು. ಅಳಿಸಿದ್ದನ್ನು ಮಾತ್ರ ವಾಪಸು ಹಾಕಲಿಲ್ಲ.

ನೆಮ್ಮದಿ ಅನಿಸಿತು. ಭಾನುವಾರ ಮಗಳು ಬರುತ್ತಾಳೆ. ಇಬ್ಬರೂ ಕೂತು ಒತ್ತೋಣ.

ಮಾರ್ಚ್ 9, ಭಾನುವಾರ

ಮಗಳು ಬಂದಳು. ಅವರಮ್ಮನ ಲ್ಯಾಪ್‌ಟಾಪನ್ನು ಅವಳೇ ತೆಗೆದಳು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಾಯಿ-ಮಗಳು ಒಂದು ಕಡೆ, ನಾನು ಯಾವಾಗಲೂ ಬಾಗಿಲ ಹತ್ತಿರ.

ನಕ್ಷೆ ತೆರೆದೆವು. ಇಷ್ಟೊಂದಾ? ಮಗಳು ಬೆರಳಿಟ್ಟು ತೋರಿಸುತ್ತಾ ಹೋದಳು. ಇದು ಅಮ್ಮ, ಇದೂ ಅಮ್ಮ. ಬಸ್ ನಿಲ್ದಾಣದ ಹಿಂದಿನ ಸಂದು. ಶಾಲೆಯ ಹಿಂಬಾಗಿಲು. ಹೊಳೆಯ ಕಾಲುಸಂಕ. ಪ್ರತಿ ಗೆರೆಯ ಜೊತೆ 'ಮೂಲ' ಎಂಬ ಸಣ್ಣ ಸಾಲು, ಆ ಗೆರೆ ಎಲ್ಲಿಂದ ಬಂತು ಎಂಬುದಕ್ಕೆ. ಇವಳು ಎಲ್ಲ ಕಡೆ ಒಂದೇ ಥರ ಬರೆದಿದ್ದಳು: ನಡೆದು ನೋಡಿದ್ದು. ನಡೆದು ನೋಡಿದ್ದು.

ಆಮೇಲೆ ಊರಂಚಿನ ಗುಡ್ಡಕ್ಕೆ ಬಂದೆವು.

ಗುಡ್ಡದ ಓಣಿಗಳಲ್ಲಿ ಅವಳು ನಡೆದಿರಲಿಲ್ಲ. ಕಾಯಿಲೆ ಬೆನ್ನುಮೂಳೆಗೆ ಬಂದ ಮೇಲೆ ನಡಿಗೆ ನಿಂತಿತು. ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟೆವು. ದಿಂಬಿಗೊರಗಿ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಮೇಲಿನಿಂದ ತೆಗೆದ ಚಿತ್ರ ನೋಡಿ ಒಂದೊಂದೇ ಸೂರು, ಒಂದೊಂದೇ ಓಣಿ ಎಳೆದಳು. ಕೊನೆಯ ವರ್ಷವೆಲ್ಲ ಅದೇ. "ರೀ, ಈ ಕಪ್ಪು ಚೌಕ ಏನೂಂತ ನೋಡ್ಕೊಂಡು ಬರ್ತೀರಾ?" ಲ್ಯಾಬಿನಿಂದ ಬಂದವನು ಶರ್ಟೂ ಬಿಚ್ಚದೆ ಗುಡ್ಡ ಹತ್ತುತ್ತಿದ್ದೆ. ಅಲ್ಲಿಂದಲೇ ಫೋನು. "ನೀರಿನ ತೊಟ್ಟಿ ಕಣೇ." "ಮುಚ್ಚಳ ಇದೆಯಾ?" "ಇದೆ." "ಹಂಗಾದ್ರೆ ಸರಿ." ಮುಚ್ಚಳ ಇದ್ದರೇನು, ಇಲ್ಲದಿದ್ದರೇನು, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ವರ್ಷ ನಾವಿಬ್ಬರೂ ಆಡಿದಷ್ಟು ಮಾತು ಮದುವೆಯಾದ ಹೊಸದರಲ್ಲೂ ಆಡಿರಲಿಲ್ಲ.

ಗುಡ್ಡದ ಒಂದು ಓಣಿಯನ್ನು ಮಗಳು ಒತ್ತಿದಳು. ಮೂಲ: ಆಫೀಸಿನ ಚಿತ್ರ. ಸಾಹೇಬರು ಒಪ್ಪಿದ್ದಾರೆ.

ಇನ್ನೊಂದು. ಸಾಹೇಬರು ಒಪ್ಪಿದ್ದಾರೆ. ಗುಡ್ಡದ ಓಣಿ, ಸೂರುಗಳಿಗೆಲ್ಲ ಅದೇ.

ಮಗಳು ಕೇಳಿದಳು. "ಆಫೀಸಿನ ಚಿತ್ರ ನಕಲು ಮಾಡೋಕೆ ಅನುಮತಿ ಇತ್ತಾ ಅಪ್ಪ?"

"ಅಮ್ಮ ಬರ್ದಿದ್ದಾಳಲ್ಲ."

ಬಟನ್ ಒತ್ತಲಿಲ್ಲ. ಉತ್ತರಣ್ಣನನ್ನು ಒಂದು ಮಾತು ಕೇಳಿಯೇ ಒತ್ತೋಣ ಎಂದು ನಾನೇ ಅಂದೆ.

ಮಾರ್ಚ್ 10

ಉತ್ತರಣ್ಣ ಕಚೇರಿಯಿಂದ ನೇರ ಬಂದರು. ಚಪ್ಪಲಿ ತುಂಬ ಕೆಸರು, ಎಲ್ಲೋ ಪೈಪು ಒಡೆದಿತ್ತಂತೆ. ಪರದೆ ನೋಡಿ ಕುರ್ಚಿಯ ತುದಿಯಲ್ಲೇ ಕೂತರು.

ಅವಳು ಆಕಾಶಚಿತ್ರದ ಕಂಪನಿಯಲ್ಲಿದ್ದಳು, ಸಾಹೇಬರು ಅಲ್ಲಿಯ ಮೇಲಧಿಕಾರಿ. ವಿಮಾನದಿಂದ ತೆಗೆದ ಚಿತ್ರ ನೋಡಿ ರಸ್ತೆ, ಕಟ್ಟಡ ಎಳೆಯುವುದೇ ಅವಳ ಕೆಲಸ. ಹಾಸಿಗೆ ಹಿಡಿದ ಮೇಲೂ ಮನೆಯಿಂದಲೇ ಮಾಡಲು ಬಿಟ್ಟಿದ್ದರು. ಬಿಟ್ಟಿ ಸಿಗುವ ಚಿತ್ರದಲ್ಲಿ ಗುಡ್ಡದ ಮೇಲೆ ಹತ್ತಿ ಎಳೆದ ಹಾಗೆ ಮೋಡ, ಏನೂ ಕಾಣುವುದಿಲ್ಲ. ಆಫೀಸಿನದರಲ್ಲಿ ಹಗ್ಗದ ಮೇಲೆ ಒಣಹಾಕಿದ ಬಟ್ಟೆಯೂ ಕಾಣುತ್ತಿತ್ತು.

"ಬಾಯಿಮಾತಿನ ಒಪ್ಪಿಗೆ ಸಾಲಲ್ಲ," ಅಂದರು ಉತ್ತರಣ್ಣ. "ಕಂಪನಿ ಕಡೆಯಿಂದ ಒಂದು ಪತ್ರ ಬೇಕು. ಈ ಚಿತ್ರ ನೋಡಿ ಎಳೆದದ್ದನ್ನ ಎಲ್ಲರೂ ಬಳಸ್ಬಹುದು ಅಂತ. ಸಿಕ್ರೆ ಎಲ್ಲ ಸುಸೂತ್ರ."

"ಸಿಗದಿದ್ರೆ?"

ಉತ್ತರಣ್ಣ ಪರದೆಯನ್ನು ಅರ್ಧ ಮುಚ್ಚಿದರು. "ಒಂದು ಕಡೆ ಕದ್ದದ್ದು ಅಂತ ಸಾಬೀತಾದ್ರೆ ಕಂಪನಿಯವರು ಇಡೀ ಊರಿನ ನಕ್ಷೆ ಮೇಲೆ ಕೈ ಇಡ್ತಾರೆ. ಬೇರೆಯವರು ಬೆವರು ಸುರಿಸಿದ್ದೂ ಹೋಗುತ್ತೆ."

ಕದ್ದದ್ದು ಎನ್ನುವ ಪದ ಬಾಯಿಂದ ಜಾರಿದ್ದಕ್ಕೆ ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸಿಕೊಳ್ಳದವನಂತೆ ಲೋಟ ತೊಳೆಯಲು ಎದ್ದೆ.

ಮಾರ್ಚ್ 12, ಬುಧವಾರ

ಅರ್ಧ ದಿನ ರಜೆ. ಅವಳ ಆಫೀಸಿಗೆ ಹೋದೆ. ಅವಳಿದ್ದಾಗ ಗೇಟಿನ ತನಕ ಮಾತ್ರ ಹೋಗುತ್ತಿದ್ದವನು ಒಳಗೆ ಹೋದದ್ದು ಇವತ್ತೇ. ಉದ್ದ ಹಾಲು, ಪರದೆ ಎಳೆದ ಕಿಟಕಿಗಳು, ಪ್ರತಿ ಮೇಜಿನ ಮೇಲೆ ಎರಡೆರಡು ಸ್ಕ್ರೀನು. ಎಲ್ಲರೂ ಬಗ್ಗಿಕೊಂಡು ಯಾರದೋ ಊರಿನ ಸೂರುಗಳನ್ನು ಎಳೆಯುತ್ತಿದ್ದರು. ಅವಳ ಮೇಜು ಯಾವುದಿತ್ತೋ ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಸಾಹೇಬರು ಎದ್ದು ನಿಂತು ಕೈ ಹಿಡಿದುಕೊಂಡರು. ಒಳ್ಳೆಯ ಮನುಷ್ಯ. ಆಸ್ಪತ್ರೆಗೂ ಬಂದಿದ್ದರು, ಕೊನೆಯ ಸಂಸ್ಕಾರಕ್ಕೂ ಬಂದಿದ್ದರು. ವಿಷಯ ಹೇಳುತ್ತಾ ಹೋದ ಹಾಗೆ ಅವರ ಮುಖ ಸಣ್ಣಗಾಯಿತು.

"ನಾನು ಹಾಗೆ ಹೇಳೇ ಇಲ್ಲ ಅಂತ ನಿಮಗೆ ಹೇಳ್ಬಿಡ್ಬಹುದಿತ್ತು," ಅಂದರು. "ಹೇಳಿದ್ದೆ. ಮೊದಲ್ನೇ ಸಲ ಆಸ್ಪತ್ರೇಲಿದ್ದಾಗ್ಲೇ ಕೇಳಿದ್ರು. ಸರ್, ಗುಡ್ಡ ಒಂದು ಬಾಕಿ ಇದೆ, ನಮ್ಮ ಚಿತ್ರ ಬಳಸ್ಲಾ ಅಂತ. ಮೂಗಿಗೆ ಆ ನಳಿಗೆ... ಮಾಡ್ಕೋಮ್ಮಾ, ಯಾರು ಕೇಳ್ತಾರೆ ಅಂದೆ. ಆ ಸ್ಥಿತೀಲಿ ಇದ್ದವರಿಗೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ ನೀವೇ ಹೇಳಿ."

"ಅದನ್ನೇ ಬರೆದು ಕೊಟ್ರೆ ಸಾಕು ಸಾಹೇಬ್ರೇ."

"ಕೊಡೋಕೆ ಅದು ನನ್ನದಾಗಿರ್ಬೇಕಲ್ಲ. ನಾವು ವಿಮಾನ ಹಾರಿಸಿ ತೆಗೆದು ಕೊಡೋರು. ಚಿತ್ರ ತೆಗೆಸಿದೋರದ್ದು. ನಮಗೆ ನೋಡೋಕೆ ಬಿಟ್ಟಿದ್ದಾರೆ, ಊರಿಗೆ ಹಂಚೋಕೆ ಬಿಟ್ಟಿಲ್ಲ. ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗಾಯ್ತು ನಾನು ಮಾಡಿದ್ದು."

ಅವಳು ನಂಬಿದ್ದಳು ಅಂದೆ. ನನಗೇ ಕೇಳಿಸದಷ್ಟು ಮೆತ್ತಗೆ.

"ಗೊತ್ತು," ಅಂದರು.

ತೆಗೆಸಿದವರನ್ನು ಕೇಳಿ ನೋಡುತ್ತೇನೆ ಎಂದು ಮಾತು ಕೊಟ್ಟರು. ಚಹಾ ತರಿಸಿದ್ದರು. ನನ್ನದೂ ತಮ್ಮದೂ ಎರಡೂ ಲೋಟ ಅವರೇ ಕುಡಿದರು. ಅವರಿಗೆ ಗೊತ್ತಾಗಲಿಲ್ಲ.

ಮಾರ್ಚ್ 15

ಪೇಟೆಯಲ್ಲಿ ನರ್ಸಮ್ಮ ಸಿಕ್ಕಳು. ಇವಳಿಗೆ ಮನೆಗೆ ಬಂದು ಇಂಜೆಕ್ಷನ್ ಕೊಡುತ್ತಿದ್ದವಳು. ಈಗ ಗುಡ್ಡದ ಕಡೆಯ ಮನೆಗಳು ಅವಳ ಪಾಲಿಗೆ.

"ಅಕ್ಕ ಬರೆದಿಟ್ಟ ಮ್ಯಾಪೇ ನನ್ನ ಕೈಹಿಡಿದು ನಡೆಸೋದು ಅಣ್ಣ," ಎಂದು ಫೋನು ತೆರೆದು ತೋರಿಸಿದಳು. "ಅಲ್ಲಿ ಮನೆಗಳಿಗೆ ನಂಬರೇ ಇಲ್ಲ. ಮೊದಲೆಲ್ಲ ಹಾಸಿಗೆ ಹಿಡಿದವರ ಮನೆ ಹುಡ್ಕೋದ್ರಲ್ಲೇ ಅರ್ಧ ಹೊತ್ತು. ಒಂದು ಸಲ ನಾನು ಹೋಗಿ ಸೇರೋಷ್ಟ್ರಲ್ಲಿ..." ನಿಲ್ಲಿಸಿದಳು. "ಈಗ ಓಣಿ ತೋರಿಸುತ್ತೆ. ಬಾಗಿಲು ನಾನು ಹುಡ್ಕೋತೀನಿ."

ಸೊಪ್ಪು ಕೊಳ್ಳಲು ಹೋದವನು ಕೊಳ್ಳದೇ ಬಂದೆ.

ಮಾರ್ಚ್ 19

ಸಾಹೇಬರ ಫೋನಿಲ್ಲ.

ಅಜ್ಜನ ಸೆಟ್ಟು ಮುಗಿಯಿತು. ಚೆನ್ನಾಗಿ ಕೂತಿದೆಯಂತೆ. ಹಾಕಿಕೊಂಡು ಹೋಗಿ ಎದುರುಮನೆಯವಳನ್ನು ನೋಡಿ ನಕ್ಕನಂತೆ, ಮನೆಯಾಕೆ ಎರಡು ದಿನದಿಂದ ಮಾತು ಬಿಟ್ಟಿದ್ದಾಳಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಸಾಹೇಬರ ಫೋನು ಬಂತು. ಕೈಯಲ್ಲಿ ಒದ್ದೆ ಪ್ಲಾಸ್ಟರು, ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡೆ.

ಚಿತ್ರ ತೆಗೆಸಿದವರು ಒಪ್ಪಲಿಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಅಂದರಂತೆ. ಸಾಹೇಬರು, "ಅವರು ಇನ್ನಿಲ್ಲ ಅಂತಾನೂ ಹೇಳ್ದೆ" ಎಂದರು. ಅದಕ್ಕೆ ಆ ಕಡೆಯವರು, ಸಂತಾಪ ತಿಳಿಸಿ ಅಂದರಂತೆ.

ಸಂತಾಪ ತಿಳಿಸಿದರು.

ಮಗಳಿಗೆ ಹೇಳಿದೆ. ಫೋನಿನಲ್ಲೇ ಸಿಡಿದಳು. "ಹೊಳೆ ನೀರಿಗೆ ದೊಣ್ಣೆನಾಯ್ಕನ ಅಪ್ಪಣೆ ಯಾಕಪ್ಪ? ಓಣಿ ಇರೋದು ನೆಲದ ಮೇಲೆ. ಯಾರೋ ಮೇಲಿಂದ ಫೋಟೋ ತೆಗೆದ್ರೆ ಓಣಿ ಅವರದ್ದಾಗುತ್ತಾ?"

ಓಣಿ ಅವರದ್ದಲ್ಲ. ಚಿತ್ರ ಅವರದ್ದು. ಇವಳು ಎಳೆದದ್ದು ಓಣಿಯನ್ನಲ್ಲ, ಚಿತ್ರದಲ್ಲಿದ್ದ ಓಣಿಯನ್ನು. ಅಷ್ಟು ನನಗೀಗ ಅರ್ಥವಾಗಿದೆ. ಅರ್ಥವಾಗಿ ಯಾವ ಸುಖವೂ ಇಲ್ಲ.

ಮಾರ್ಚ್ 24, ಬೆಳಗ್ಗೆ

ಇದನ್ನು ಹೇಗೆ ಬರೆಯಲಿ.

ಉತ್ತರಣ್ಣ ಬೆಳಗ್ಗೆಯೇ ಫೋನ್ ಮಾಡಿದರು. "ಮನೇಲಿ ಆಕೆ ಲ್ಯಾಪ್‌ಟಾಪ್ ಯಾರಾದ್ರೂ ಮುಟ್ಟಿದ್ರಾ?" ಇಲ್ಲವಲ್ಲ, ಮಗಳು ಹೋದ ವಾರವೇ ಬಂದು ತೆಗೆದುಕೊಂಡು ಹೋಗಿದ್ದಾಳೆ ಅಂದೆ. "ಒಂದ್ಸಲ ನಕ್ಷೆ ನೋಡಿ. ಗುಡ್ಡ ನೋಡಿ."

ನನ್ನ ಫೋನಿನಲ್ಲಿ ತೆರೆದೆ. ಗುಡ್ಡದ ಮೊದಲ ಓಣಿ ಒತ್ತಿದೆ. ಅವಳ ಹೆಸರು. ಅದರ ಪಕ್ಕದಲ್ಲಿ 'ಕೊನೆಯ ತಿದ್ದುಪಡಿ: ನಿನ್ನೆ'.

ನಿನ್ನೆ.

ಬುದ್ಧಿ ಇದೆ ನನಗೆ, ಬೆಂಕಿಗೆ ಕೊಟ್ಟು ಬಂದವನು ನಾನೇ. ಆದರೂ ಕಿಟಕಿಯ ಪಕ್ಕದ ಮಂಚದ ಕಡೆ ತಿರುಗಿ ನೋಡಿದೆ. ನೋಡಿದ್ದಕ್ಕೆ ನಾಚಿಕೆಯಾಯಿತು. ಮತ್ತೆ ನೋಡಿದೆ.

ಆಮೇಲೆ ಕೆಳಗಿನ ಸಾಲು ಓದಿದೆ. ಸಾಹೇಬರು ಒಪ್ಪಿದ್ದಾರೆ ಎಂಬುದು ಇರಲಿಲ್ಲ. ಅಲ್ಲಿ ಈಗ 'ನಡೆದು ನೋಡಿದ್ದು' ಎಂದಿತ್ತು. ಎರಡನೆಯ ಓಣಿಯಲ್ಲೂ ಅದೇ. ಗುಡ್ಡದುದ್ದಕ್ಕೂ ಅದೇ.

ಅದೇ ದಿನ, ಸಂಜೆ

ಮಗಳು ಬಾಡಿಗೆಗಿರುವ ರೂಮಿಗೆ ಹೋದೆ. ಕೆಲಸದಿಂದ ಆಗಷ್ಟೇ ಬಂದಿದ್ದಳು. ನನ್ನ ಮುಖ ನೋಡಿ ಅವಳೇ ಅಂದಳು. "ಹೌದು, ನಾನೇ."

"ಯಾಕೆ?"

"ಯಾಕೆ ಅಂತ ಕೇಳ್ತೀಯಾ? ಎರಡು ಪದ ಬದಲಾಯಿಸಿದ್ರೆ ಅಮ್ಮ ಉಳೀತಾಳೆ. ಯಾರಿಗೆ ನಷ್ಟ? ನೀನಂತೂ ಹೋಗಿ ನೋಡಿದ್ದೀಯಲ್ಲ. ನೀನು ನಡೆದದ್ದು ಅಮ್ಮ ನಡೆದ ಹಾಗಲ್ವಾ?"

"ನಾನು ನೋಡಿದ್ದು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಚಿತ್ರದ್ದೇ. ನಿನಗೂ ಗೊತ್ತು."

"ಅಮ್ಮ ಕದ್ದಿಲ್ಲ. ಕೇಳಿ ತಗೊಂಡ್ಳು."

"ಹೌದು. ಅದನ್ನೇ ಬರೆದಿಟ್ಟಿದ್ಳು. ನೀನು ಅದನ್ನ ಅಳಿಸಿ ಅವಳ ಕೈಯಲ್ಲಿ ಸುಳ್ಳು ಬರೆಸಿದೆ. ನಡೆದೆ ಅಂತ. ನಡೆಯೋಕಾಗ್ದೆ ಅವಳು ಪಟ್ಟ ಪಾಡು ನೋಡಿದವಳು ನೀನು."

ಇಷ್ಟು ಜೋರಾಗಿ ಅವಳ ಜೊತೆ ಯಾವತ್ತೂ ಮಾತಾಡಿದವನಲ್ಲ. ಅವಳು ಗೋಡೆಗೆ ಒರಗಿ ಕುಸಿದು ಕೂತಳು. ಕೂತು ಅತ್ತಳು. ಹತ್ತಿರ ಹೋಗಲಿಲ್ಲ. ಅವರಮ್ಮನಾಗಿದ್ದರೆ ಮೊದಲು ಹೋಗಿ ತಬ್ಬಿಕೊಂಡು ಆಮೇಲೆ ಬೈಯುತ್ತಿದ್ದಳು. ನಾನು ಬೈದು ನಿಂತೇ ಇದ್ದೆ.

"ಕೊನೇ ವರ್ಷ ಅಮ್ಮ ಮಾಡಿದ್ದು ಅದೊಂದೇ ಅಪ್ಪ," ಅಂದಳು. "ಬೇರೇನೂ ಮಾಡೋಕಾಗ್ಲಿಲ್ಲ ಅವಳಿಗೆ. ತಲೆ ಬಾಚ್ಕೊಳ್ಳೋಕೂ ಆಗ್ತಿರ್ಲಿಲ್ಲ. ಅದನ್ನೂ ತೆಗೆದ್ರೆ ಆ ವರ್ಷ ಏನಿತ್ತು?"

ಲ್ಯಾಪ್‌ಟಾಪು ಕೇಳಿದೆ. ಕೊಟ್ಟಳು. ಬಾಗಿಲು ಹಾಕುವಾಗ, "ನೀನು ಗುಡ್ಡ ತೆಗೆಸಿದ್ಮೇಲೆ ನಂಗೆ ಫೋನ್ ಮಾಡ್ಬೇಡ" ಅಂದಳು.

ಮಾರ್ಚ್ 26

ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ಕಳಿಸಿದೆ.

ಮಗಳು ಬದಲಾಯಿಸಿದ್ದನ್ನೆಲ್ಲ ಮೊದಲಿದ್ದ ಹಾಗೆ ಮಾಡಿದೆ. ಗುಡ್ಡ ಉಳಿಯಲಿ ಬಿಡಲಿ, ಅವಳ ಹೆಸರಿನಲ್ಲಿ ಸುಳ್ಳು ಇರಬಾರದು. ಬೆಳಗ್ಗೆ ಕೂತವನು ಬಿಸಿಲು ಇಳಿಯುವ ತನಕ. ಅವಳದೇ ಮಂಚದ ಮೇಲೆ, ಅವಳು ಒರಗುತ್ತಿದ್ದ ಹಾಗೆ ದಿಂಬಿಟ್ಟುಕೊಂಡು. ಒಂದು ಬೆರಳಲ್ಲಿ ಟೈಪ್ ಮಾಡುವವನು ನಾನು. ಸಾಹೇಬರು ಒಪ್ಪಿದ್ದಾರೆ. ಸಾಹೇಬರು ಒಪ್ಪಿದ್ದಾರೆ. ಪ್ರತಿ ಸಲ ಬರೆಯುವಾಗಲೂ ಅವಳ ಖುಷಿ ಕಂಡಿತು. ಆವತ್ತು ಆಸ್ಪತ್ರೆಯಲ್ಲಿ ಸಾಹೇಬರು ಹೋದ ಮೇಲೆ, "ರೀ, ಗುಡ್ಡ ಸಿಕ್ತು" ಅಂದಿದ್ದಳು. ಏನು ಸಿಕ್ಕಿತೋ ಆಗ ನನಗೆ ತಿಳಿದಿರಲಿಲ್ಲ. ಜ್ವರದ ಮಾತು ಅಂದುಕೊಂಡಿದ್ದೆ.

ಕೆಲವು ಕಟ್ಟಡಗಳಿಗೆ ನಾನು ಕೇಳಿಕೊಂಡು ಬಂದ ಹೆಸರು ಹಾಕಿದ್ದಾಳೆ. ಮಹಡಿ ಎಷ್ಟು, ಸೂರು ತಗಡೋ ಸಿಮೆಂಟೋ, ಎಲ್ಲ. ನಾನು ಹೇಳಿದ್ದನ್ನು ಒಂದೂ ಬಿಟ್ಟಿಲ್ಲ. ಬೆಕ್ಕು ಮಲಗಿತ್ತು ಎಂದು ತಮಾಷೆಗೆ ಹೇಳಿದ್ದನ್ನು ಮಾತ್ರ ಬಿಟ್ಟಿದ್ದಾಳೆ.

ಮಾರ್ಚ್ 29, ಶನಿವಾರ

ಉತ್ತರಣ್ಣನ ಮನೆಗೆ ಹೋದೆ. ಹೇಳಿದೆ. ನಡೆದದ್ದಕ್ಕೆಲ್ಲ ನನ್ನ ಒಪ್ಪಿಗೆ. ಗುಡ್ಡಕ್ಕೆ ಅನುಮತಿ ಇಲ್ಲ, ತೆಗೆಯಿರಿ.

ಅವರು ಮುಖ ನೋಡಲಿಲ್ಲ. "ಪತ್ರ ಸಿಗ್ಲಿಲ್ಲ ಅಂತ ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ. ಮೊನ್ನೆಯಿಂದ ಅದನ್ನೇ ಕಾಯ್ತಿದ್ದೆ. ಹೇಳದೇ ಇರ್ತೀರೇನೋ ಅಂತ."

"ಹೆಸರುಗಳಾದ್ರೂ ಉಳೀತಾವಾ? ಅವು ಚಿತ್ರದ್ದಲ್ಲ. ನಾನು ಮನೆಮನೆಗೆ ಹೋಗಿ ಕೇಳಿದ್ದು."

ಬಹಳ ಯೋಚಿಸಿ ಹೇಳಿದರು. "ಹೆಸರು ನಿಮ್ಮದೇ. ಜಾಗ ಚಿತ್ರದ್ದು. ಜಾಗ ಇಲ್ಲದೆ ಹೆಸರನ್ನ ಎಲ್ಲಿ ಇಡ್ಲಿ ಹೇಳಿ?"

ಊಟದ ಮೇಜಿನ ಮೇಲೆಯೇ ಅವರ ಕಂಪ್ಯೂಟರು. ಅವರ ಮನೆಯಾಕೆ ತಟ್ಟೆಗಳನ್ನು ಸರಿಸಿ ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ನೀವೇ ಒತ್ತುತ್ತೀರಾ ಎಂದು ಉತ್ತರಣ್ಣ ಕೇಳಿದರು. ಬೇಡ ಅಂದೆ. ಎದ್ದು ಹೋಗಲು ಮಾತ್ರ ಆಗಲಿಲ್ಲ.

ಮೊದಲು ಸೂರುಗಳು ಹೋದವು. ಆಮೇಲೆ ಓಣಿಗಳು. ಕೊನೆಗೆ ನೀರಿನ ತೊಟ್ಟಿ. ಸದ್ದೇ ಇಲ್ಲ. ಒಂದು ಹಲ್ಲು ಉಜ್ಜುವಾಗಲೂ ನಮ್ಮ ಲ್ಯಾಬಿನಲ್ಲಿ ಇದಕ್ಕಿಂತ ಹೆಚ್ಚು ಸದ್ದಾಗುತ್ತದೆ. ಒಂದು ವರ್ಷದ ಕೆಲಸ, ಚಹಾ ಆರುವಷ್ಟರಲ್ಲಿ ಖಾಲಿ ಬೂದುಬಣ್ಣ.

ಉಳಿದದ್ದು ಕೆಳಗಿನ ಮೆಟ್ಟಿಲಿನ ಒಂದು ಗೆರೆ. ಬುಡದಿಂದ ಶುರುವಾಗಿ ಅರ್ಧಕ್ಕೆ ನಿಂತಿದೆ. ಇದ್ಯಾಕೆ ಹೀಗೆ ಎಂದು ಉತ್ತರಣ್ಣ ಕೇಳಿದರು. ಅದು ನಡೆದು ನೋಡಿದ್ದು. ಆವತ್ತು ನಾನೂ ಜೊತೆಗಿದ್ದೆ. ಅರ್ಧದಲ್ಲಿ ಅವಳಿಗೆ ಕಾಲು ಬರಲಿಲ್ಲ. ಕೂತಳು. ಏದುಸಿರು. "ನಾಳೆ ಬಂದು ಮುಗಿಸೋಣ ರೀ" ಅಂದಳು. ಹೆಗಲು ಕೊಟ್ಟು ಇಳಿಸಿಕೊಂಡು ಬಂದೆ.

ಇದನ್ನು ಅವರಿಗೆ ಹೇಳಲಿಲ್ಲ. "ಅದು ಇರ್ಲಿ, ಅದು ಅವಳದ್ದೇ" ಎಂದಷ್ಟೇ ಹೇಳಿದೆ.

ಬಾಗಿಲ ತನಕ ಬಂದು ಉತ್ತರಣ್ಣ ನನ್ನ ಚಪ್ಪಲಿ ತಿರುಗಿಸಿ ಇಟ್ಟರು.

ಮಾರ್ಚ್ 30

ಮಗಳಿಗೆ ಫೋನ್ ಮಾಡಲಿಲ್ಲ. ಮಾಡಬೇಡ ಅಂದಿದ್ದಾಳೆ.

ಏಪ್ರಿಲ್ 18

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ದವಡೆಗಳು. ಮೇಣ. ಹೊಸ ಯಂತ್ರ ಬಂತು, ಕಿರುಚುವುದಿಲ್ಲ. ಹಳೆಯದೇ ಚೆನ್ನಾಗಿತ್ತು ಎಂದು ಮಾಲೀಕರಿಗೆ ಈಗ ಅನಿಸುತ್ತಿದೆ.

ಇವತ್ತು ನರ್ಸಮ್ಮ ಲ್ಯಾಬಿಗೇ ಬಂದಳು. "ಅಣ್ಣ, ಗುಡ್ಡ ಎಲ್ಲಿ ಹೋಯ್ತು?"

ಹೇಳಿದೆ. ಎಲ್ಲ ಹೇಳಿದೆ. ಅವಳು ಅನುಮತಿ, ಲೈಸೆನ್ಸ್ ಯಾವುದನ್ನೂ ಕೇಳಲಿಲ್ಲ. "ಮೊನ್ನೆ ಒಬ್ಬ ಅಜ್ಜಿ ಮನೆ ಸಿಗದೆ ವಾಪಸ್ ಬಂದೆ" ಎಂದಷ್ಟೇ ಅಂದಳು. ಗುಡ್ಡದಲ್ಲಿ ಯಾವ ಯಾವ ಮನೆಗೆ ಹೋಗಬೇಕು ಎಂದು ಕೇಳಿದೆ. ತಗಡಿನ ಸಾಲಿನ ಹಿಂದೆ, ತೊಟ್ಟಿಯ ಬಲಕ್ಕೆ ಎಂದಳು. ತೊಟ್ಟಿ ನನಗೆ ಗೊತ್ತು ಅಂದೆ.

ಏಪ್ರಿಲ್ 20, ಭಾನುವಾರ

ಅವಳ ಫೋನು ತೆಗೆದುಕೊಂಡು ಗುಡ್ಡಕ್ಕೆ ಹೋದೆ. ನಡೆದ ದಾರಿ ತಾನೇ ಗುರುತಾಗುವ ಹಾಗೆ ಉತ್ತರಣ್ಣ ಅದರಲ್ಲಿ ಏನೋ ಹಾಕಿಕೊಟ್ಟಿದ್ದಾರೆ. ಅವಳಿಗಾಗಿ ಹತ್ತುವಾಗ ಇಲ್ಲದ ಏದುಸಿರು ಈಗ ಬರುತ್ತದೆ. ಒಂದೇ ಓಣಿ ಆಯಿತು. ಗೆರೆ ಹಾವು ಹರಿದ ಹಾಗೆ ಬಂದಿದೆ. ಅವಳ ಗೆರೆಗಳು ದಾರ ಎಳೆದು ಹಿಡಿದ ಹಾಗಿರುತ್ತಿದ್ದವು.

ಕೆಳಗೆ ನನ್ನ ಹೆಸರು ಬಂತು. ಗುಡ್ಡದ ಮೇಲೆ ನನ್ನ ಹೆಸರು. ನೋಡಲಾಗಲಿಲ್ಲ, ಮುಚ್ಚಿದೆ.

ಏಪ್ರಿಲ್ 23

ಬೆಳಗ್ಗೆ ಮಗಳ ಮೆಸೇಜ್. ಒಂದು ತಿಂಗಳಾದ ಮೇಲೆ. "ಆ ಡೊಂಕು ಗೆರೆ ನೀನಾ?"

"ಹೌದು" ಎಂದು ಕಳಿಸಿದೆ. ಮತ್ತೆ ಏನೂ ಬರಲಿಲ್ಲ. ಊಟದ ಹೊತ್ತಿಗೆ ಇನ್ನೊಂದು. "ಮಂಡಿಗೆ ಪಟ್ಟಿ ಕಟ್ಕೊಂಡು ಹತ್ತು." ಕ್ಷಮಿಸಿದ್ದಾಳೆ ಅಂತಲ್ಲ. ಅವರಮ್ಮನ ಹಾಗೇ, ಸಿಟ್ಟಿನ ನಡುವೆ ಮಂಡಿ ನೆನಪಾಗುತ್ತದೆ.

ಏಪ್ರಿಲ್ 27, ಭಾನುವಾರ

ಪಟ್ಟಿ ಕಟ್ಟಿಕೊಂಡು ಹೋದೆ. ತೊಟ್ಟಿಯ ಬಲಕ್ಕೆ ನರ್ಸಮ್ಮ ಹೇಳಿದ ಓಣಿ ಆಯಿತು. ಅಜ್ಜಿಯ ಮನೆಯ ಬಾಗಿಲು ಕಂಡೆ, ಗುರುತು ಹಾಕಿದೆ. ಮುಂದಿನ ಓಣಿಗೆ ತಿರುಗಿದಾಗ ಬಾಗಿಲಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಕಾಲು ನಿಲ್ಲಿಸಿ ನೋಡಿದಳು.

"ಅಣ್ಣ, ನೀವಲ್ವಾ? ಸೂರು ತಗಡೋ ಸಿಮೆಂಟೋ ಅಂತ ಕೇಳ್ಕೊಂಡು ಹೋದವರು?"

ಹೌದು ಅಂದೆ.

"ಅಕ್ಕ ಹೇಗಿದ್ದಾರೆ? ಅವತ್ತು ನಿಮ್ಮ ಫೋನಲ್ಲೇ ನನ್ನ ಮಾತಾಡ್ಸಿದ್ರು. ಮನೇಗೆ ಏನು ಹೆಸರು ಅಂದ್ರು. ನಮ್ಮಂಥೋರ ಮನೇಗೆ ಹೆಸರೆಲ್ಲಿ ಅಂದೆ. ಹಂಗಾದ್ರೆ ಇಡಿ, ಕಾಲು ಸರಿಯಾದ ತಕ್ಷಣ ನಾನೇ ಬಂದು ಕೇಳ್ಕೊಂಡು ಹೋಗ್ತೀನಿ ಅಂದ್ರು. ಇಟ್ಟಿದ್ದೀನಿ ಅಣ್ಣ. ಅವರಿಗೇ ಹೇಳ್ಬೇಕು ಅಂತ ಇಲ್ಲೀ ತನಕ ಯಾರಿಗೂ ಹೇಳಿಲ್ಲ. ಬಂದಿದ್ದಾರಾ? ನಿಧಾನಕ್ಕೆ ಹತ್ತಿ ಬರ್ತಿದ್ದಾರಾ?"

ನನ್ನನ್ನು ದಾಟಿ ಮೆಟ್ಟಿಲಿನ ಕಡೆ ಕತ್ತು ಚಾಚಿ ನೋಡಿದಳು. ನಾನೂ ತಿರುಗಿ ನೋಡಿದೆ. ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು, ಯಾರೋ ನೀರು ಹೊತ್ತವರು. ಬರುವ ತನಕ ಇಬ್ಬರೂ ಕಾದೆವು.

ಆಮೇಲೆ ಆಕೆಯ ಕಡೆ ತಿರುಗಿ, ತಾಯಿ, ಅವಳು ಇನ್ನಿಲ್ಲ, ಹೆಸರು ನನಗೆ ಹೇಳಿ ಅಂದೆ.